ಕಾಗದದ ಮೇಲಿನ ಡ್ರೈವರು

ನನಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕು ಹದಿಮೂರು ವರ್ಷವಾಯಿತು. ಅದರಲ್ಲಿ ಹನ್ನೆರಡು ವರ್ಷ ನಾನು ಯಾವ ಗಾಡಿಯನ್ನೂ ಓಡಿಸಿರಲಿಲ್ಲ. ಊರಿನ ಏಜೆಂಟನೊಬ್ಬ ಮಾಡಿಸಿಕೊಟ್ಟ ಲೈಸೆನ್ಸ್ ಅದು. ಪರೀಕ್ಷೆಯ ದಿನ ಡ್ರೈವಿಂಗ್ ಸ್ಕೂಲಿನವನೇ ಪಕ್ಕದಲ್ಲಿ ಕೂತು ಬ್ರೇಕು, ಕ್ಲಚ್ಚು ತುಳಿದ. ನಾನು ಸ್ಟೀರಿಂಗ್ ಹಿಡಿದು ಫೋಟೋಕ್ಕೆ ಕೂತ ಹಾಗೆ ಕೂತಿದ್ದೆ. ಇನ್ಸ್‌ಪೆಕ್ಟರು ಹೆಸರು ಕೇಳಿದರು. ಹೆಸರನ್ನು ತಪ್ಪಿಲ್ಲದೆ ಹೇಳಿದ್ದರಿಂದ ಪಾಸಾದೆ.

ನನ್ನ ಗಂಡ ಹದಿನೆಂಟು ವರ್ಷ ಗದಗಿನಿಂದ ಬೆಳಗಾವಿಗೆ ಖಾಸಗಿ ಬಸ್ಸು ಓಡಿಸಿದವರು. ಒಂದು ದಿನವೂ ಯಾರಿಗೂ ತಾಗಿಸಿದವರಲ್ಲ. ನನ್ನ ವೀಸಾದ ಬೆನ್ನಿಗೆ ಡಿಪೆಂಡೆಂಟ್ ಆಗಿ ಪಾಮರ್ಸ್ಟನ್ ನಾರ್ತ್ ಎಂಬ ಈ ಪರದೇಶದ ಊರಿಗೆ ಬಂದರು. ನಾನು ಕೆಲಸಕ್ಕೆ ಸೇರಿದ್ದು ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆದೊಯ್ಯುವ ಒಂದು ಸಣ್ಣ ಕಂಪನಿಯ ಆಫೀಸಿನಲ್ಲಿ. ಅಲ್ಲೇ ಅವರಿಗೆ ವ್ಯಾನು ತೊಳೆಯುವ ಕೆಲಸ ಸಿಕ್ಕಿತು. ಬಂದ ಮೂರೇ ತಿಂಗಳಿಗೆ ಇಬ್ಬರೂ ಇಲ್ಲಿಯ ಕಾರ್ ಲೈಸೆನ್ಸ್ ಮಾಡಿಸಿಕೊಂಡೆವು. ಅವರು ಮೊದಲ ಸಲಕ್ಕೇ ಪಾಸು. ನಾನು ಎರಡು ಸಲ ಫೇಲಾಗಿ ಮೂರನೆಯ ಸಲ, ಅದೂ ಅವರು ಭಾನುವಾರ ಭಾನುವಾರ ಪಕ್ಕದಲ್ಲಿ ಕೂತು ಬೈಯದೆ ಕಲಿಸಿದ್ದಕ್ಕೆ.

ಬಂದು ವರ್ಷವಾಗುವ ಹೊತ್ತಿಗೆ ಕಂಪನಿಯ ಒಬ್ಬ ಡ್ರೈವರು ನಿವೃತ್ತನಾದ. ಕಂಪನಿಯ ಮಾಲಕಿ, ಒಬ್ಬ ಅಜ್ಜಿ, ಆ ಕೆಲಸ ನನ್ನ ಗಂಡನಿಗೇ ಎಂದಳು. ವ್ಯಾನುಗಳನ್ನು ಅಂಗಳದಲ್ಲಿ ಅವರು ತಿರುಗಿಸಿ ನಿಲ್ಲಿಸುವುದನ್ನು ಕಿಟಕಿಯಿಂದ ನೋಡಿದ್ದಳಲ್ಲ. ಬೇಕಾದದ್ದು ಬಾಡಿಗೆಗೆ ಜನರನ್ನು ಒಯ್ಯುವ ಪರವಾನಗಿ ಒಂದೇ. ಎರಡು ವರ್ಷವಾದರೂ ಪೂರ್ಣ ಲೈಸೆನ್ಸ್ ಇದ್ದವರಿಗೆ ಅದು ಸಿಗುತ್ತದೆ, ಹೊರದೇಶದ ಲೈಸೆನ್ಸಿನ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆ ದಿನ ನಮ್ಮವರು ಮನೆಗೆ ಬರುವಾಗ ಸಿಳ್ಳೆ ಹಾಕುತ್ತಿದ್ದರು. ಈ ದೇಶಕ್ಕೆ ಬಂದ ಮೇಲೆ ನಾನು ಕೇಳಿದ ಮೊದಲ ಸಿಳ್ಳೆ ಅದು.

ಲೈಸೆನ್ಸ್ ಆಫೀಸಿನ ಕೌಂಟರಿನಲ್ಲಿದ್ದ ಹುಡುಗಿ ಅವರ ಇಂಡಿಯಾ ಕಾರ್ಡನ್ನು ನೋಡಿ, ಕಂಪ್ಯೂಟರ್ ನೋಡಿ, ನಕ್ಕಳು. ಈ ದೇಶದಲ್ಲಿ "ಇಲ್ಲ" ಎನ್ನುವ ಮೊದಲು ನಗುತ್ತಾರೆ. ಕಾರ್ಡಿನ ಪ್ರಕಾರ ನನ್ನ ಗಂಡ ಡ್ರೈವಿಂಗ್ ಕಲಿತದ್ದು ವಿಮಾನ ಹತ್ತುವ ಒಂದು ತಿಂಗಳ ಮೊದಲು. ಇನ್ನೂ ಹನ್ನೊಂದು ತಿಂಗಳು ಬಿಟ್ಟು ಬನ್ನಿ ಎಂದಳು.

ಅಷ್ಟು ದಿನ ಕೆಲಸ ಖಾಲಿ ಇಡಲು ಅಜ್ಜಿಗೆ ಆಗುತ್ತಿರಲಿಲ್ಲ. ಬಸ್ಸಿನ ಧಣಿಯಿಂದ ಪತ್ರ ತರಿಸಿದೆವು, ಮಾಲೀಕರ ಪತ್ರ ನಡೆಯುವುದಿಲ್ಲ ಎಂದರು. ಯೂನಿವರ್ಸಿಟಿಯಲ್ಲಿರುವ ನಮ್ಮ ಕನ್ನಡದ ಅಂಕಲ್ ಒಬ್ಬರನ್ನು ಕೇಳಿದೆ. ಇಲ್ಲಿ ಯಾರಿಗೆ ಏನು ತೊಡಕಾದರೂ ಉಪದೇಶ ಕೊಡುವವರು ಅವರೇ.

"ಅವರದೇನು ತಪ್ಪಮ್ಮಾ? ಇಂಡಿಯಾ ಲೈಸೆನ್ಸ್ ನಂಬೋದು ಹೇಗೆ? ದುಡ್ಡು ಕೊಟ್ರೆ ಎಮ್ಮೆಗೂ ಸಿಗುತ್ತೆ," ಎಂದರು.

ಆ ಎಮ್ಮೆ ಅವರ ಸೋಫಾದ ಮೇಲೆ ಕೂತು ಅವರ ಮನೆಯ ಚಹಾ ಕುಡಿಯುತ್ತಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈ ಮಹಾನುಭಾವರು ತಮ್ಮ ಲೈಸೆನ್ಸನ್ನು ಮನೆ ಬಾಗಿಲಿಗೇ ತರಿಸಿಕೊಂಡ ಕತೆಯನ್ನು ಅವರ ಹೆಂಡತಿಯೇ ನನಗೆ ನಗುತ್ತ ಹೇಳಿದ್ದರು. ಇಂದಿಗೂ ಅಂಗಡಿ ಮುಂದೆ ಕಾರು ನಿಲ್ಲಿಸಿದರೆ ಎರಡು ಕಾರಿನ ಜಾಗ ಬೇಕು ಅವರಿಗೆ.

ಬೈಯುವುದು ನನಗೆ ಸುಲಭ. ಅಂಕಲ್ಲನ್ನು ಬೈದೆ, ಕೌಂಟರಿನ ಹುಡುಗಿಯನ್ನು ಬೈದೆ, ಮನುಷ್ಯನ ಕೈ ನೋಡದೆ ಕಾರ್ಡು ನೋಡುವ ಕಾನೂನನ್ನು ಬೈದೆ. ಗಂಡ ಮಾತ್ರ ಯಾರನ್ನೂ ಬೈಯಲಿಲ್ಲ. ಯಾರನ್ನು ಬೈಯಬೇಕೆಂದು ಅವರಿಗೆ ಗೊತ್ತಿತ್ತು.

ಅವರ ಹಳೆಯ ಲೈಸೆನ್ಸ್ ಒಂದು ಪುಸ್ತಕ. ಅಂಗಿಯ ಜೇಬಿನಲ್ಲೇ ಇದ್ದು ಇದ್ದು ಬೆವರು, ಗ್ರೀಸು ಹತ್ತಿ ಕರ್ರಗಾಗಿತ್ತು. ಫಾರಿನ್ನಿಗೆ ಹೋಗುವವರು ಇಂಥದ್ದನ್ನು ತೋರಿಸುವುದೇ ಎಂದು ನನಗೆ ನಾಚಿಕೆ. ಊರು ಬಿಡುವ ಮೊದಲು, ನನಗೆ ಲೈಸೆನ್ಸ್ ಮಾಡಿಸಿಕೊಟ್ಟ ಅದೇ ಏಜೆಂಟನ ಹತ್ತಿರ ಹೋದೆ. "ಹಳೇದನ್ನ ಕಾರ್ಡಿಗೆ ಹಾಕಸಾಕ ತಿಂಗಳಾನುಗಟ್ಲೆ ಹಿಡಿತೈತ್ರೀ ಅಕ್ಕಾರ. ಲೈಸೆನ್ಸ್ ಇಲ್ಲ ಅಂತ ಬರದು ಹೊಸಾದ ಮಾಡಿಸಿ ಬಿಡೂಣು," ಎಂದ. ಹೊಸ ಕಾರ್ಡು ಥಳಥಳ ಅಂತ ಬಂತು. ಎರಡು ಲೈಸೆನ್ಸ್ ಇದ್ದರೆ ತಪ್ಪಾಗುತ್ತದೆ ಎಂದ ಮೇಲೆ ಹಳೆಯದನ್ನು ನಾನೇ ಬಚ್ಚಲೊಲೆಗೆ ಹಾಕಿದೆ. ಅದರ ನಂಬರು ಯಾರಿಗೂ ನೆನಪಿಲ್ಲ. ನಂಬರಿಲ್ಲದೆ ಊರಿನ ಆಫೀಸಿನವರು ಏನೂ ಹುಡುಕಿಕೊಡುವುದಿಲ್ಲ. ಅಷ್ಟು ಜಾಣೆ ನಾನು.

ಎರಡು ವಾರ ಕಾದ ಅಜ್ಜಿ ಕೊನೆಗೆ ನನ್ನ ಫೈಲು ತೆಗೆದಳು. ನಿನಗೆ ಹದಿಮೂರು ವರ್ಷದ ಅನುಭವವಿದೆಯಲ್ಲ, ನೀನೇ ಓಡಿಸು ಎಂದಳು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ. ಮನೆಗೆ ಬಂದು, ಅಜ್ಜಿಗೆ ಒಲ್ಲೆ ಎಂದು ಹೇಳಿ ಬಂದೆ ಎಂದೆ. ಅವರು ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು.

"ಯಾಕ ಒಲ್ಲಿ? ಬ್ಯಾರೆ ಯಾರಿಗಾರ ಕೊಟ್ರ ಹೋತು. ನೀ ಹಿಡಿ. ನಾ ಕಲಿಸ್ತೀನಿ," ಎಂದರು.

ಪರವಾನಗಿ ಯಾವ ತಕರಾರೂ ಇಲ್ಲದೆ ಬಂತು. ಹನ್ನೆರಡು ಸೀಟಿನ ವ್ಯಾನನ್ನು ಖಾಲಿ ಮೈದಾನದಲ್ಲಿ ಒಂದು ತಿಂಗಳು ನಮ್ಮವರು ನನ್ನಿಂದ ಓಡಿಸಿದರು. ಹಿಂದಿನ ಸೀಟಿನ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು, ಇದು ತುಳುಕಿದರೆ ಮಕ್ಕಳು ಬಿದ್ದ ಹಾಗೆ ಎನ್ನುತ್ತಿದ್ದರು. ಮೊದಲ ವಾರ ನನ್ನ ಹಿಂದಿನ ಸೀಟೆಲ್ಲ ಒದ್ದೆ.

ಮಕ್ಕಳನ್ನು ಕರೆತರಲು ಹೊರಟ ಮೊದಲ ಬೆಳಿಗ್ಗೆ ಅವರು ವ್ಯಾನು ಒರೆಸಿ, ಕೋಲಿನಿಂದ ನಾಲ್ಕೂ ಟೈರು ಬಡಿದು ನೋಡಿದರು. ಹಿಂದೆ ನಿಂತು, ಬರ್ಲಿ ಬರ್ಲಿ ಎನ್ನುತ್ತ ನನ್ನನ್ನು ರಿವರ್ಸ್ ತೆಗೆಸಿದರು. ಅವರ ಬಸ್ಸಿನಲ್ಲಿ ಆ ಕೆಲಸ ಕ್ಲೀನರನದು. ಆಮೇಲೆ ಕಿಟಕಿಯ ಹತ್ತಿರ ಬಂದರು.

"ಹದಿಮೂರು ವರ್ಷದ ಮ್ಯಾಲ ನಿನ್ನ ಲೈಸೆನ್ಸ್ ಖರೇ ಆತು ನೋಡು," ಎಂದರು.

ವ್ಯಂಗ್ಯ ಇರಲಿಲ್ಲ, ಖರೇ ಖುಷಿಯೇ ಇತ್ತು. ವ್ಯಂಗ್ಯ ಇದ್ದಿದ್ದರೆ ಉತ್ತರ ಕೊಡುವುದು ನನಗೆ ಗೊತ್ತಿತ್ತು. ಅವರು ವ್ಯಾನಿನ ಮಗ್ಗುಲಿಗೆ ಎರಡು ಸಲ ತಟ್ಟಿ ರೈಟ್ ಎಂದರು, ನಾನು ಹೊರಟೆ. ಕನ್ನಡಿಯಲ್ಲಿ ನೋಡಿದಾಗ ಅವರು ಬಕೆಟ್ಟು ಎತ್ತಿಕೊಂಡು ಮುಂದಿನ ವ್ಯಾನು ತೊಳೆಯಲು ಹೋಗುತ್ತಿದ್ದರು.