ಕಣಿವೆಯಲ್ಲಿ ಚೆಲ್ಲಿದ ಚರಗ

ಹಿಮನದಿ ಕೊರೆದ ಹಿಮಾಲಯದ ಕಣಿವೆಯಲ್ಲಿ, ಈ ವಯಸ್ಸಿನಾಗ ಮೊಣಕಾಲೂರಿ ನಾನು ಏನು ಆರಿಸಾಕತ್ತಿದ್ದೆ, ಹೇಳ್ರಿ ನೋಡೋಣ? ನಮ್ಮೂರು ಹುಲಗೂರಿನಿಂದ ಒಯ್ದ ಸಜ್ಜಿ ರೊಟ್ಟಿಯ ಚೂರು! ದನ ಮೇವು ತಿನ್ನೋ ಗ್ವಾದಲಿಯಂಗ ನುಣ್ಣಗೆ, ಅಗಲಾಗಿದ್ದ ಕಣಿವೆ ಕಂಡು ಹಿಗ್ಗಿ, ನಮ್ಮ ಹೊಲಕ್ಕೆ ಚೆಲ್ಲುವಂತೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿದ್ದೆ. ಒಂದು ವರ್ಷವೂ ತಪ್ಪಿಸಿದವನಲ್ಲ.

“ಎಲ್ಲಾ ಎತ್ತಿ, ಚಾಚಾ! ರುಚಿ ಹತ್ತಿದರೆ ಕಾಡುಕುರಿಗಳು ಹುಲ್ಲು ಮರೆತು ಮನುಷ್ಯರ ಬೆನ್ನು ಹತ್ತುತ್ತವೆ,” ದಾರಿ ತೋರಿಸುವವನು ಹಿಂದಿಯಲ್ಲಿ ಗದರಿದ.

“ಭೂತಾಯಿ ಉಪವಾಸ ಇರಬೇಕೇನಪಾ?”

“ನಾಲ್ಕು ಹನಿ ನೀರು ಬಿಡಿ, ಸಾಕು.”

ಬಿಟ್ಟೆ. ಆರಿಸುತ್ತ ತಲೆ ಎತ್ತಿದರೆ, ಬಂಡೆ ಅಂದುಕೊಂಡಿದ್ದ ಬೂದುಬಣ್ಣದ ಕುರಿಗಳು ಹತ್ತೇ ಮಾರು ದೂರದಲ್ಲಿ ಮೇಯಾಕತ್ತಿದ್ದವು! ನಾನು ಎದ್ದು ನಿಂತಿದ್ದರೆ ಓಡುತ್ತಿದ್ದವಂತೆ.

ಆರಿಸಿದ್ದನ್ನು ಇಬ್ಬರೂ ಮಣ್ಣು ಊದಿ ತಿಂದೆವು. ಭೂತಾಯಿಯ ಪಾಲನ್ನು ಆಕಿ ಮುಂದೆಯೇ ಕುಂತು ತಿಂದೆ ನೋಡ್ರಿ, ಅದೂ ಚರಗದ ಹಬ್ಬ ಸೀಗಿ ಹುಣ್ಣಿಮೆ ದಿನ.