ಕಮಾಂಡೋ ಅಲ್ಲದ ಗಾಳೆಪ್ಪ

ಕೂಡ್ಲಿಗಿಯ ಒಂದು ಬ್ಯಾಂಕಿನಲ್ಲಿ ನಾನು ಕ್ಲರ್ಕಾಗಿದ್ದದ್ದು ಆರು ವರ್ಷ. ಆ ಅವಧಿಯಲ್ಲಿ ನಮ್ಮ ಕಾವಲುಗಾರ ಗಾಳೆಪ್ಪ, ತಾನು ಕಮಾಂಡೋ ಅಲ್ಲ ಎಂದು ನನ್ನ ಕಿವಿಗೆ ಬೀಳುವಂತೆಯೇ ಸಾವಿರ ಸಲ ಹೇಳಿರಬೇಕು. ಊರಲ್ಲಿ ಒಬ್ಬರೂ ನಂಬಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಮ್ಯಾನೇಜರರು. ಎರಡು ಸಾವಿರದ ಒಂದರಲ್ಲಿ ಗಾಳೆಪ್ಪ ಸೈನ್ಯದಿಂದ ನಿವೃತ್ತನಾಗಿ ಕೆಲಸಕ್ಕೆ ಹಾಜರಾಗಲು ಬಂದ ದಿನ ಅವರು ಅವನ ಬಿಡುಗಡೆ ಪುಸ್ತಕ ತೆರೆದು ಗಟ್ಟಿಯಾಗಿ ಓದಿದರು: ಪ್ಯಾರಾಚೂಟ್ ಪಡೆ, ಸ್ಪೆಷಲ್ ಫೋರ್ಸಸ್. ಓದಿದವರು ಕುರ್ಚಿಯಿಂದ ಅರ್ಧ ಎದ್ದುನಿಂತರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ‘ಆರ್ಮರರ್’, ಅಂದರೆ ಬಂದೂಕು ರಿಪೇರಿಯವನು, ಎಂದಿತ್ತು. ಅವರ ಕನ್ನಡಕಕ್ಕೆ ಅದು ಕಾಣಲಿಲ್ಲ, ಅಥವಾ ಕಂಡರೂ ಅದರ ಅರ್ಥ ಗೊತ್ತಿರಲಿಲ್ಲ. ಬ್ಯಾಂಕಿನ ಎದುರಿಗಿದ್ದ ಚಹಾದಂಗಡಿಯ ಚೌಡಣ್ಣನಿಗೆ ಸುದ್ದಿ ತಲುಪಲು ಹತ್ತು ನಿಮಿಷ ಹಿಡಿಯಿತು. ಅಲ್ಲಿಂದ ಮುಂದೆ ಸಂಜೆಯ ಬಸ್ಸುಗಳೇ ಅದನ್ನು ಕೊಟ್ಟೂರಿಗೂ ಹಗರಿಬೊಮ್ಮನಹಳ್ಳಿಗೂ ಒಯ್ದವು. ಕೂಡ್ಲಿಗಿಯ ಬ್ಯಾಂಕಿಗೆ ಕಮಾಂಡೋ ಬಂದಾನ.

ಬಂದವನನ್ನು ನೋಡಿದರೆ ಯಾರೂ ಅನುಮಾನ ಪಡುವಂತಿರಲಿಲ್ಲ. ಆರಡಿ ಆಳು, ತೊಲೆಯಂಥ ಭುಜ, ತುಟಿ ಮುಚ್ಚುವ ಮೀಸೆ. ಮಾತು ಕಡಿಮೆ. ಮಾತಾಡಿದರೂ ಅದು ಬಂದೂಕಿನ ಬಗ್ಗೆಯೇ.

ನಿಜ ಸಂಗತಿ ಇಷ್ಟು. ಹುಡುಗನಾಗಿದ್ದಾಗ ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡಿದ್ದ ಗಾಳೆಪ್ಪ ಬಳ್ಳಾರಿಯಲ್ಲಿ ಭರ್ತಿಗೆ ಹೋಗಿ ಆಯ್ಕೆಯಾದ. ಅವನ ಕೈ ನೋಡಿ ಸೈನ್ಯದವರು ರಿಪೇರಿ ವಿಭಾಗಕ್ಕೆ ಹಾಕಿ, ಬಂದೂಕು ಬಿಚ್ಚುವುದು, ಸವೆದ ಭಾಗ ಬದಲಿಸುವುದು, ಮತ್ತೆ ಜೋಡಿಸುವುದು ಇವನ್ನು ಕಲಿಸಿದರು. ಹನ್ನೊಂದು ವರ್ಷ ಅವನನ್ನು ಒಂದು ಕಮಾಂಡೋ ಪಡೆಯ ಜೊತೆಗೆ ಇಟ್ಟಿದ್ದರು. ಕಮಾಂಡೋಗಳು ರಾತ್ರಿ ಬೆಟ್ಟ ಹತ್ತುತ್ತಿದ್ದರು. ಇವನು ಕೆಳಗೆ ಟಿನ್ ಶೆಡ್ಡಿನಲ್ಲಿ ಬ್ರಷ್ಷು, ಎಣ್ಣೆ, ಚಿಂದಿ ಬಟ್ಟೆ ಇಟ್ಟುಕೊಂಡು ಅವರ ಬಂದೂಕುಗಳು ವಾಪಸು ಬರುವುದನ್ನು ಕಾಯುತ್ತಿದ್ದ.

ಊಟದ ಹೊತ್ತಿನಲ್ಲಿ ನಾನು ಕೇಳಿದರೆ ಆ ಬಂದೂಕುಗಳ ವಿಷಯ ಹೇಳುತ್ತಿದ್ದ, ಬೀಗರ ಮನೆಯ ಸುದ್ದಿ ಹೇಳಿದ ಹಾಗೆ. ಸಾಮಾನ್ಯ ಪಲ್ಟನ್ನಿನಲ್ಲಿ ಎಲ್ಲರಿಗೂ ಒಂದೇ ಜಾತಿಯ ಬಂದೂಕು. ಕಮಾಂಡೋಗಳ ಶೆಡ್ಡಿನಲ್ಲಿ ಮಾತ್ರ ನಾಲ್ಕೈದು ದೇಶದವು ಸಾಲಾಗಿ ನಿಂತಿರುತ್ತಿದ್ದವು. ಎಕೆ ಬಂದೂಕು ಕೆಸರಲ್ಲಿ ಬಿದ್ದೆದ್ದರೂ ಗೊಣಗದೆ ದುಡಿಯುತ್ತದೆ. ದೂರದ ಗುರಿಗೆ ಇಟ್ಟ ಉದ್ದನೆಯ ಡ್ರಗುನೋವ್ ಹಾಗಲ್ಲ. ಅದರ ದುರ್ಬೀನು ಕೂದಲೆಳೆ ಅಲುಗಿದರೂ ಮುನಿಸಿಕೊಂಡು ಗುರಿ ಬಿಟ್ಟು ಹೊಡೆಯುತ್ತದೆ. ಸಪ್ಪಳ ನುಂಗುವ ಗಿಡ್ಡ ಕಾರ್ಬೈನು ಹಾರಿದರೆ ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದಂತೆ ಕೇಳುತ್ತದೆ. ಚಳಿಯಲ್ಲಿ ಎಣ್ಣೆ ಜಾಸ್ತಿ ಹಚ್ಚಿದರೆ ಅದೇ ಗಟ್ಟಿಯಾಗಿ ಬಂದೂಕು ನಿಂತುಬಿಡುತ್ತದೆ. ಯಾರ ಬಂದೂಕು ಯಾವುದು ಎಂದು ಕಣ್ಣು ಮುಚ್ಚಿ ಮುಟ್ಟಿದರೂ ಹೇಳಬಲ್ಲೆ ಎನ್ನುತ್ತಿದ್ದ. ಒಬ್ಬ ನಳಿಗೆಗೆ ಗೋಣಿನಾರು ಸುತ್ತುತ್ತಿದ್ದ, ಇನ್ನೊಬ್ಬ ಪಟ್ಟಿಯನ್ನು ಮೊಣಕೈ ಉದ್ದಕ್ಕೆ ಕತ್ತರಿಸಿಕೊಂಡಿದ್ದ, ಒಬ್ಬ ಎಡಚನಿಗೆ ಹಾರಿಬರುವ ಬಿಸಿ ಖಾಲಿ ತೋಟಾಗಳಿಂದ ಕೆನ್ನೆ ಸುಟ್ಟಿತ್ತು.

ಅಂಥವನ ಕೈಗೆ ನಮ್ಮ ಬ್ಯಾಂಕು ಕೊಟ್ಟದ್ದು ನನಗಿಂತ ಹಿರಿಯದಾದ ಒಂದು ಜೋಡುನಳಿಗೆ ಬಂದೂಕು. ಹಿಂದಿನ ಕಾವಲುಗಾರ ಮಂಡಿನೋವಿನವನು, ಅದನ್ನು ಊರುಗೋಲಾಗಿಯೇ ಬಳಸಿದ್ದ. ಗಾಳೆಪ್ಪ ಮೊದಲ ದಿನ ಅದನ್ನು ಮಡಚಿ ಬೆಳಕಿಗೆ ಹಿಡಿದು ನೋಡಿದ. ಒಂದು ನಳಿಗೆಯಲ್ಲಿ ಬೆಳಕು ಕಂಡಿತು. ಇನ್ನೊಂದರಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿತ್ತು. ಮಧ್ಯಾಹ್ನ ಅವನು ನನ್ನ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಬಂದೂಕನ್ನು ಬಿಚ್ಚಿ ಹರಡಿದಾಗ, ಒಳಗೆ ಬಂದ ಮ್ಯಾನೇಜರರು ಹಾಗೇ ಹಿಂದಕ್ಕೆ ನಡೆದು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು. ಮೂರು ದಿನ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಉಜ್ಜಿ ಅದನ್ನು ಮನುಷ್ಯನಂತೆ ಮಾಡಿದ.

ವರ್ಷಕ್ಕೊಮ್ಮೆ ಸುತ್ತಲಿನ ಬ್ಯಾಂಕುಗಳ ಕಾವಲುಗಾರರೆಲ್ಲ ಗುಡ್ಡದ ಬುಡದ ಮೈದಾನದಲ್ಲಿ ಪೊಲೀಸರ ಮುಂದೆ ಐದೈದು ಗುಂಡು ಹಾರಿಸಿ ತೋರಿಸಬೇಕಿತ್ತು. ಗಾಳೆಪ್ಪನ ಮೊದಲ ವರ್ಷ ಚೌಡಣ್ಣ ಅಂಗಡಿ ಮುಚ್ಚಿ, ಗೆಳೆಯರನ್ನು ಕರೆದುಕೊಂಡು ನೋಡಲು ಹೋದ. ಕೊಟ್ಟೂರಿನ ಕಾವಲುಗಾರ ಸೈನ್ಯದಲ್ಲಿ ಅಡುಗೆಯವನಾಗಿದ್ದವನು. ಅವನ ಐದರಲ್ಲಿ ನಾಲ್ಕು ಗುರಿಗೆ ಬಿದ್ದವು. ಗಾಳೆಪ್ಪನದು ಒಂದು. ಇನ್ನೊಂದು ಪಕ್ಕದಲ್ಲಿದ್ದ ಹಡಗಲಿಯವನ ಹಲಗೆಗೆ ಬಿತ್ತು, ಅವನು ಅದನ್ನು ತನ್ನದೇ ಎಂದು ಬರೆಸಿಕೊಂಡ. ಉಳಿದ ಮೂರು ಗುಡ್ಡಕ್ಕೆ ಹೋದವು.

ಇನ್ನಾದರೂ ಊರು ನಂಬೀತು ಎಂದು ಗಾಳೆಪ್ಪ ನಿಟ್ಟುಸಿರು ಬಿಟ್ಟನಂತೆ. ಮರುದಿನ ಚಹಾ ತಂದುಕೊಟ್ಟ ಚೌಡಣ್ಣ ನನ್ನ ಕಿವಿಯಲ್ಲಿ ಹೇಳಿದ:

“ಬೇಕಂತನ ತಪ್ಪಿಸ್ಯಾರ್ರಿ. ಅಂಥೋರು ತಮ್ಮ ಗುರುತು ಬಿಟ್ಟುಕೊಡಬಾರ್ದಂತ.”

ಕಾಡುಹಂದಿಗಳು ಶೇಂಗಾ ಹೊಲ ಅಗೆಯುತ್ತಿವೆ, ಬಂದು ಹೊಡೆದುಕೊಡಿ ಎಂದು ಗುಡೇಕೋಟೆ ಕಡೆಯ ಇಬ್ಬರು ಕೇಳಿಕೊಂಡು ಬಂದರು. ಉಸಿರಿರುವ ಯಾವುದಕ್ಕೂ ತಾನು ಇದುವರೆಗೆ ಗುರಿ ಇಟ್ಟಿಲ್ಲ ಎಂದು ಗಾಳೆಪ್ಪ ಹೇಳಿದ. ಅವರು ಮುಖ ಮುಖ ನೋಡಿಕೊಂಡು, ಏನೋ ಆಣೆ ಇರಬೇಕು ಎಂದು ಕೈಮುಗಿದು ಹೊರಟರು. ಅವರಲ್ಲೊಬ್ಬನ ಔಷಧಿ ಹೊಡೆಯುವ ಪಂಪು ಕೆಟ್ಟಿದೆ ಎಂದು ತಿಳಿದು, ಗಾಳೆಪ್ಪ ಹಿಂದೆಯೇ ಹೋಗಿ ಅದನ್ನು ಇಸಿದುಕೊಂಡು ಬಂದು ರಿಪೇರಿ ಮಾಡಿಕೊಟ್ಟ. ಕಮಾಂಡೋ ಕೈ ಮುಟ್ಟಿದ ಪಂಪು ಎಂದು ಅದಕ್ಕೂ ಹೆಸರು ಬಂತು.

ಅವನ ಹೆಂಡತಿ ಮಾರೆಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಒಮ್ಮೆ ಗಂಡ ಮರೆತುಬಂದ ಬುತ್ತಿ ಕೊಡಲು ಬ್ಯಾಂಕಿಗೆ ಬಂದಾಗ ಇವನ ಸಂಕಟ ಕೇಳಿ ನನ್ನೆದುರೇ ನಕ್ಕಳು.

“ಕಮಾಂಡೋ ಅಂದ್ರ ‘ರಿ’ ಹಚ್ಚಿ ಕರೀತಾರ. ರಿಪೇರಿಯಾಂವ ಅಂದ್ರ ನಾಳಿಂದ ‘ಲೇ ಗಾಳ್ಯಾ’ ಅಂತಾರ. ಸುಮ್ನ ಇರಾಕ ನಿನಗೇನು ತ್ರಾಸು?”

ಆ ನಗುವಿನ ಹಿಂದಿನದು ನನಗೆ ಆಮೇಲೆ ತಿಳಿಯಿತು. ಚೌಡಣ್ಣನ ತಂದೆಯ ಕಾಲದಲ್ಲಿ ಗಾಳೆಪ್ಪನ ಅಪ್ಪ ಅದೇ ಅಂಗಡಿಯ ಹೊರಗೆ ನಿಂತು, ಬೇರೆ ಇಟ್ಟಿದ್ದ ಲೋಟದಲ್ಲಿ ಚಹಾ ಕುಡಿದು, ತಾನೇ ತೊಳೆದಿಟ್ಟು ಬರುತ್ತಿದ್ದ. ಈಗ ಅದೇ ಅಂಗಡಿಯಲ್ಲಿ ಮಗನಿಗಾಗಿ ಬೆಂಚು ಒರೆಸುತ್ತಿದ್ದರು. ಗಾಳೆಪ್ಪ ಆ ಬೆಂಚಿನ ಮೇಲೆ ಕೂರುತ್ತಿದ್ದ, ಕೂತು ಚಹಾ ಮುಗಿಸಿ, ನಾನು ಕಮಾಂಡೋ ಅಲ್ಲ ಚೌಡಣ್ಣ ಎಂದು ಮತ್ತೊಮ್ಮೆ ಹೇಳಿಯೇ ಏಳುತ್ತಿದ್ದ. ಇನ್ನೊಬ್ಬರ ಹೆಸರಿನ ಗೌರವ ಅವನಿಗೆ ಬೇರೆಯವರ ಚಪ್ಪಲಿ ಹಾಕಿಕೊಂಡಂತೆ ಕಡಿಯುತ್ತಿತ್ತು.

ಎರಡು ಸಾವಿರದ ಐದರ ಬೇಸಿಗೆ. ಮಧ್ಯಾಹ್ನ ಮೂರರ ಹೊತ್ತಿಗೆ ಗಿಡ್ಡನೆಯ, ಸಣಕಲು ಮೈಯ, ಕನ್ನಡಕದ ಒಬ್ಬ ಗಂಡಸು ಕೈಯಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಬ್ಯಾಂಕಿನ ಬಾಗಿಲಲ್ಲಿ ನಿಂತ. ಯಾವುದೋ ಶಾಲೆಯ ಗುಮಾಸ್ತ ಇರಬೇಕು ಅಂದುಕೊಂಡೆ. ಅವನು ಗಾಳೆಪ್ಪನ ಕಡೆ ನೋಡಿ ಮೆಲ್ಲಗೆ ಅಂದ:

“ಉಸ್ತಾದ್, ಆರಾಮ ಅದೀರೇನು?”

ಗಾಳೆಪ್ಪ ತಿರುಗಿ ನೋಡಿದ. ನೋಡಿದವನು ನೇರ ನನ್ನ ಕಡೆ ಬಂದು ಬಂದೂಕನ್ನು ನನ್ನ ತೋಳಿಗೆ ಇಟ್ಟ. ನಾಲ್ಕು ವರ್ಷಗಳಲ್ಲಿ ಕೆಲಸದ ವೇಳೆ ಅದು ಅವನ ಕೈ ಬಿಟ್ಟದ್ದು ಅದೊಂದೇ ಸಲ. ನಾನು ಎಳೆಗೂಸನ್ನು ಹಿಡಿದಂತೆ ಅದನ್ನು ಹಿಡಿದು ನಿಂತಿರುವಾಗ ಇಬ್ಬರೂ ತಬ್ಬಿಕೊಂಡರು. ಬಂದವನ ತಲೆ ಗಾಳೆಪ್ಪನ ಎದೆಗೆ ಬಂತು.

ಅವನು ಹುಲುಗೇಶ, ಕೊಪ್ಪಳದ ಕಡೆಯವನು, ಅದೇ ಪಡೆಯ ಸುಬೇದಾರ. ನಿಜವಾದ ಕಮಾಂಡೋ. ತಮ್ಮನಿಗೆ ಹೆಣ್ಣು ನೋಡಲು ಹರಪನಹಳ್ಳಿಗೆ ಹೊರಟವನು ದಾರಿಯಲ್ಲಿ ಇಳಿದಿದ್ದ. ಗಾಳೆಪ್ಪನಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು? ಹುಲುಗೇಶನನ್ನು ಸೀದಾ ಚೌಡಣ್ಣನ ಅಂಗಡಿಗೆ ಕರೆದೊಯ್ದು, ಇದ್ದದ್ದನ್ನು ಇದ್ದಂತೆ ಹೇಳಬೇಕೆಂದು ಕೇಳಿಕೊಂಡ. ಹುಲುಗೇಶ ಹೇಳಿದ. ಕಮಾಂಡೋ ನಾನು, ಉಸ್ತಾದರು ನಮ್ಮ ಬಂದೂಕು ನೋಡಿಕೊಳ್ಳುತ್ತಿದ್ದವರು ಎಂದ. ಚೌಡಣ್ಣ ಹುಲುಗೇಶನ ಮಣಿಕಟ್ಟು ನೋಡಿದ, ಕನ್ನಡಕ ನೋಡಿದ, ಬಾಳೆಹಣ್ಣಿನ ಚೀಲ ನೋಡಿದ. ಆಮೇಲೆ ಗಾಳೆಪ್ಪನ ಭುಜ ನೋಡಿ ಕಣ್ಣು ಮಿಟುಕಿಸಿದ. ಸಂಜೆಯೊಳಗೆ ಊರಿಗೆ ಹೊಸ ಸುದ್ದಿ ಹಬ್ಬಿತು: ಗಾಳೆಪ್ಪ ಬರೀ ಕಮಾಂಡೋ ಅಲ್ಲ, ಕಮಾಂಡೋಗಳಿಗೆ ವಿದ್ಯೆ ಕಲಿಸಿದ ಉಸ್ತಾದ, ಅವನ ಹಳೆಯ ಗುಮಾಸ್ತ ಕಾಣಲು ಬಂದಾನ.

ಆ ಸಂಜೆ ಮಾರೆಮ್ಮ ನನ್ನನ್ನೂ ಊಟಕ್ಕೆ ಕರೆದಳು. ಬಸ್‌ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ, ಗೋಡೆಗೆ ಬುದ್ಧನದೂ ಅಂಬೇಡ್ಕರರದೂ ಪಟ. ಎಂಟನೆಯ ತರಗತಿಯ ಮಗಳು ಕ್ರಾಂತಿ ನೀರು ತಂದಿಟ್ಟಳು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಪುಡಿ. ಚೌಡಣ್ಣ ಹಬ್ಬಿಸಿದ ಸುದ್ದಿ ನೆನೆದು ಎಲ್ಲರೂ ನಗುತ್ತಿದ್ದೆವು. ಗಾಳೆಪ್ಪ ಮಾತ್ರ ರೊಟ್ಟಿ ಮುರಿದು ಹಾಗೇ ಹಿಡಿದಿದ್ದ.

“ಸಾಹೇಬ್ರ, ಒಂದು ಮಾತು ಆವಾಗ್ಲೆ ಕೇಳಬೇಕಿತ್ತು, ಬಾಯಿ ಬರಲಿಲ್ಲ,” ಎಂದ. “ಬಿಷನ್ ಸಿಂಗನ ಬಂದೂಕು.”

ಹುಲುಗೇಶ ಊಟ ನಿಲ್ಲಿಸಿದ. ನನಗೂ ಮಾರೆಮ್ಮನಿಗೂ ಗೊತ್ತಾಗಲೆಂದು ಗಾಳೆಪ್ಪನೇ ವಿವರಿಸಿದ. ಬಿಷನ್ ಸಿಂಗ್ ಗಡ್ವಾಲದ ಹುಡುಗ. ಒಂಬತ್ತು ವರ್ಷದ ಹಿಂದೆ ಕಾಶ್ಮೀರದ ಒಂದು ಬೆಟ್ಟಕ್ಕೆ ಹೋದವನು ಬದುಕಿ ಬರಲಿಲ್ಲ, ಅವನ ಎಕೆ ಬಂದೂಕು ಬಂತು. ಒಳಗೆ ಹಾರಿದ ಗುಂಡಿನ ಖಾಲಿ ತೋಟಾ ಸಿಕ್ಕಿಕೊಂಡು ಬಂದೂಕು ನಿಂತುಹೋಗಿತ್ತು. ಹಿಂದಿನ ದಿನ ಅದನ್ನು ಬಿಚ್ಚಿ ಜೋಡಿಸಿಕೊಟ್ಟವನು ಗಾಳೆಪ್ಪ. ತನ್ನ ಕೈಯಿಂದ ಏನಾದರೂ ತಪ್ಪಾಗಿತ್ತೇ, ಅದಕ್ಕೇ ಹುಡುಗ ಸತ್ತನೇ ಎಂದು ಯಾರನ್ನೂ ಕೇಳಲಿಲ್ಲ. ಹೌದು ಎಂದುಬಿಟ್ಟರೆ ಎಂಬ ಅಂಜಿಕೆ.

“ಇದನ್ನ ಒಂಬತ್ತು ವರ್ಷ ಹೊಟ್ಟ್ಯಾಗ ಇಟ್ಕಂಡು ಕುಂತೀರೇನು ಉಸ್ತಾದ್?” ಎಂದ ಹುಲುಗೇಶ. “ಬಿಷನ್ ಬಿದ್ದ ಮ್ಯಾಲ ಅವನ ಬಂದೂಕು ತಗಂಡಾಂವ ನಾನ. ನಂದು ಕಲ್ಲಿಗೆ ಬಡದು ಮುರಿದಿತ್ತು. ಅವನದರಾಗ ಎರಡು ಮ್ಯಾಗಜಿನ್ ಹೊಡದೆ, ಒಂದ ಸಲಾನೂ ತಡೀಲಿಲ್ಲ. ಆಮ್ಯಾಲ ಜಾರಿ ಹಳ್ಳದಾಗ ಬಿದ್ದೆ, ಅದರ ತುಂಬ ಕೆಸರು ಹೊಕ್ಕಿತು. ಅದು ನಿಂತಿದ್ದು ನನ್ನ ಕೈಯಾಗ, ಅವನ ಕೈಯಾಗ ಅಲ್ಲ. ಅಷ್ಟರಾಗ ನಮ್ಮೋರು ಬಂದು ಮುಟ್ಟಿದ್ರು.”

ಗಾಳೆಪ್ಪನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಬರೀ ಕೆಸರಿಗೆ ಎಕೆ ನಿಲ್ಲುವುದಿಲ್ಲ, ಮರಳು ಬೆರೆತಿತ್ತೇ ಎಂದು ಕೇಳಿದ. ಮರಳು ಇತ್ತು ಎಂದ ಹುಲುಗೇಶ. ಹಳ್ಳದಲ್ಲಿ ಬಿದ್ದ ಮೇಲೆ ಎಷ್ಟು ಗುಂಡು ಹಾರಿತು ಎಂದು ಗಾಳೆಪ್ಪ ಮತ್ತೆ ಕೇಳಿದ. ಮೂರೋ ನಾಲ್ಕೋ. ಗಾಳೆಪ್ಪ ಮನಸ್ಸಿನಲ್ಲೇ ಆ ಬಂದೂಕನ್ನು ಮತ್ತೊಮ್ಮೆ ಪೂರ್ತಿ ಬಿಚ್ಚಿ ನೋಡಿದಂತೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. ಆಮೇಲೆ, ಹಂಗಾದ್ರ ಹೌದು, ನಿಲ್ಲತೈತಿ ಎಂದು ಎದ್ದು ಬಚ್ಚಲಿಗೆ ಹೋದ. ಕೈ ತೊಳೆಯುವ ಸಪ್ಪಳ ಬಹಳ ಹೊತ್ತು ಕೇಳಿತು.

“ಹದಿನೆಂಟು ವರ್ಷ ಸಂಸಾರ ಮಾಡೀನಿ,” ಎಂದಳು ಮಾರೆಮ್ಮ. “ಇದೊಂದು ನನಗ ಹೇಳಿಲ್ಲ ನೋಡ್ರಿ.” ಹೇಳಿ, ಗಂಡನ ತಾಟಿನಲ್ಲಿದ್ದ ಆರಿದ ರೊಟ್ಟಿ ತೆಗೆದು ಬಿಸಿಯದೊಂದು ಹಾಕಿದಳು. ಅವನು ಬಂದು ಅದನ್ನೂ ತಿಂದ, ಇನ್ನೂ ಎರಡು ಕೇಳಿ ತಿಂದ.

ಆ ವರ್ಷದ ಆಗಸ್ಟ್ ಹದಿನೈದಕ್ಕೆ ಹೈಸ್ಕೂಲಿನ ಹೆಡ್‌ಮಾಸ್ತರರು ಎಂದಿನಂತೆ ಭಾಷಣಕ್ಕೆ ಕರೆದರು. ಪ್ರತಿ ವರ್ಷ ತಪ್ಪಿಸಿಕೊಳ್ಳುತ್ತಿದ್ದ ಗಾಳೆಪ್ಪ ಈ ಸಲ ಒಪ್ಪಿದ. ಮೈಕಿನ ಮುಂದೆ ನಿಂತು ನಾನು ಕಮಾಂಡೋ ಅಲ್ಲ ಎಂದು ಶುರು ಮಾಡಿದ, ಜೋರಾಗಿ ಚಪ್ಪಾಳೆ ಬಿತ್ತು. ಅದನ್ನು ಲೆಕ್ಕಿಸದೆ ಬಿಷನ್ ಸಿಂಗನ ಹೆಸರು ಹೇಳಿದ. ಅಲ್ಲಿಂದ ಮುಂದೆ ನಲವತ್ತು ನಿಮಿಷ ಬಂದೂಕು ಒರೆಸುವ ಕ್ರಮ: ಯಾವ ಬ್ರಷ್ಷು, ಎಷ್ಟು ಎಣ್ಣೆ, ಮಸಿ ಎಲ್ಲಿ ಕೂರುತ್ತದೆ, ಚಿಂದಿ ಯಾಕೆ ಬಿಳಿಯದೇ ಇರಬೇಕು. ಯುದ್ಧದ ಕಥೆಗೆ ಕಾದಿದ್ದ ಮಕ್ಕಳು ಒಬ್ಬೊಬ್ಬರಾಗಿ ಬಿಸಿಲಲ್ಲಿ ತೂಕಡಿಸಿದರು. ಹೆಡ್‌ಮಾಸ್ತರರು ಮೂರು ಸಲ ಕೆಮ್ಮಿದರು. ಅವನನ್ನು ಅಷ್ಟು ಸಂತೋಷದಲ್ಲಿ ನಾನು ಹಿಂದೆಂದೂ ನೋಡಿರಲಿಲ್ಲ.

ಮರುವರ್ಷ ನನಗೆ ಹಡಗಲಿಗೆ ವರ್ಗವಾಯಿತು. ಗಾಳೆಪ್ಪ ಆಗೀಗ ಫೋನು ಮಾಡುತ್ತಾನೆ. ಎಸ್ಸೆಸ್ಸೆಲ್ಸಿ ಮುಗಿಸಿದ ಕ್ರಾಂತಿ ಹಗರಿಬೊಮ್ಮನಹಳ್ಳಿಯ ಐಟಿಐಯಲ್ಲಿ ಫಿಟ್ಟರ್ ಕಲಿಯುತ್ತಿದ್ದಾಳೆ, ಅವಳ ತರಗತಿಯಲ್ಲಿ ಹುಡುಗಿ ಅವಳೊಬ್ಬಳೇ. ಮೊನ್ನೆ ಮಾತಾಡಿದಾಗ ಗಾಳೆಪ್ಪ ಚಿಂತೆಯಲ್ಲಿದ್ದ. ಮಗಳು ಕಬ್ಬಿಣ ಉಜ್ಜುವ ಅರ ಹಿಡಿದರೆ ಕೈ ಎಡಕ್ಕೆ ವಾಲುತ್ತದೆ, ಕಬ್ಬಿಣದ ತುಂಡು ಸಮ ಬರುತ್ತಿಲ್ಲ, ಹೇಳಿದರೆ ಕೇಳುವುದಿಲ್ಲ ಎಂದ. ಹಿಂದಿನಿಂದ ಕ್ರಾಂತಿಯ ದನಿ ಕೇಳಿತು: ಮೇಷ್ಟ್ರು ಹತ್ತಕ್ಕೆ ಒಂಬತ್ತು ಕೊಟ್ಟಾರ, ನಮ್ಮಪ್ಪ ನಾಲ್ಕು ಕೊಡ್ತಾನ್ರಿ.