ಕೇಳದೆ ಅಂದ ಆಮೆನ್

ಅವ್ವ ಹೇಳಿದ್ದಳು. ಯಾರಿಗೂ ಹೇಳದೆ ಒಳಗೊಳಗೇ ನುಂಗಿಕೊಂಡು ಹೋದಳು ಎಂದು ಮೂರು ವರ್ಷಗಳಿಂದ ನಾನು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿರುವುದು ಸುಳ್ಳು. ಅವ್ವ ನನಗೇ ಹೇಳಿದ್ದಳು — ಫೋನಿನಲ್ಲಿ, ಬೆಳಗಿನ ಐದೂವರೆಗೆ, ಬಿಡಿಸಿ ಬಿಡಿಸಿ. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿಕೊಳ್ಳದೆಯೇ ಆಮೆನ್ ಅಂದೆ. ಆಮೇಲೆ ಆ ತಪ್ಪನ್ನು ತಮ್ಮನ ಹೆಂಡತಿ ಸುವಾರ್ತಾಳ ತಲೆಗೆ ಕಟ್ಟಿ, ಬಸವನ ಬಾಗೇವಾಡಿಯ ಬಸ್ಸು ಹತ್ತಿ ಬಂದುಬಿಟ್ಟೆ.

ನನ್ನ ಅವ್ವ ಶಾಂತವ್ವ. ಸಿಂದಗಿಯ ಒಂದು ದವಾಖಾನೆಯಲ್ಲಿ ಮೂವತ್ತು ವರ್ಷ ಆಯಾ ಆಗಿದ್ದವಳು. ದೇವರ ವಿಷಯಕ್ಕೆ ಬಂದರೆ ಅವಳದು ಭಕ್ತಿಯೋ ಹಟವೋ ಹೇಳುವುದು ಕಷ್ಟ. ಶುಕ್ರವಾರ ಉಪವಾಸ ಅಂದರೆ ಉಪವಾಸ. ಮೈಯಲ್ಲಿ ಜ್ವರ ಇದ್ದರೂ ಒಂದು ಗುಟುಕು ಚಹಾ ಇಲ್ಲ. ರೊಟ್ಟಿಗೆ ಹಿಟ್ಟು ನಾದುವ ಮೊದಲು ಒಂದು ಹಿಡಿ ಜೋಳದ ಹಿಟ್ಟು ಬೇರೆ ಡಬ್ಬಿಗೆ ಬೀಳಬೇಕು; ಅದು ಭಾನುವಾರ ಗುಡಿಗೆ ಹೋಗಬೇಕು. ನಾವು ಚರ್ಚಿಗೂ ಗುಡಿ ಅಂತಲೇ ಅನ್ನುತ್ತೇವೆ. ಮನೆಯಲ್ಲಿ ಹಿಟ್ಟಿನ ಡಬ್ಬಿ ತಳ ಕಂಡ ದಿನವೂ ಆ ಹಿಡಿ ತಪ್ಪಲಿಲ್ಲ. ಚಿಕ್ಕಂದಿನಲ್ಲಿ ಅರೆಹೊಟ್ಟೆಯಲ್ಲಿ ಕೂತು ಆ ಡಬ್ಬಿ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಪಕ್ಕದ ಮನೆಯ ಮಹಬೂಬಿ ಚಾಚಿಗೆ ಟೈಫಾಯಿಡ್ ಆದಾಗ ಒಂದು ವಾರ ರಜೆ ಹಾಕಿ ಅವಳ ಮಕ್ಕಳಿಗೆಲ್ಲ ರೊಟ್ಟಿ ಬಡಿದವಳೂ ಇದೇ ಅವ್ವ. ಹೀಗಿದ್ದವಳ ಮೇಲೆ ಸಿಟ್ಟಾದರೂ ಹೇಗೆ ನೆಟ್ಟಗೆ ಮಾಡಿಕೊಳ್ಳುವುದು — ಅದೇ ನನ್ನ ಗೋಳು.

ಅವಳದೊಂದು ವಿಚಿತ್ರ ಚಾಳಿ ಇತ್ತು. ತನಗೆ ಬೇಕಾದ್ದನ್ನು, ತನಗೆ ನೋವಾದ್ದನ್ನು ಮನುಷ್ಯರ ಮುಖ ನೋಡಿ ಹೇಳುತ್ತಿರಲಿಲ್ಲ. ಕಣ್ಣು ಮುಚ್ಚಿ, ಕೈ ಜೋಡಿಸಿ, ದೇವರಿಗೆ ಹೇಳುತ್ತಿದ್ದಳು — ಯಾರಿಗೆ ಮುಟ್ಟಬೇಕೋ ಅವರು ಪಕ್ಕದಲ್ಲೇ ಇರುವಾಗ, ಗಟ್ಟಿಯಾಗಿ. "ಕರ್ತನೇ, ಸೊಸಿ ಮಾಡಿದ ಸಾರಿಗಿ ಸ್ತೋತ್ರ. ನಾಳಿಂದ ಉಪ್ಪು ಒಂದೀಟು ನೀನ ನೋಡಿ ಹಾಕಸು" ಎಂದರೆ ಸುವಾರ್ತಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. "ಕರ್ತನೇ, ಎಸ್ತಾ ಮೂರು ತಿಂಗಳಾತು ಊರ ಕಡಿ ಬಂದಿಲ್ಲ, ನಿನಗ ಗೊತ್ತೈತಿ" ಎಂದರೆ ಅದು ನನಗೆ, ಈ ಎಸ್ತೇರಿಗೆ, ಬೈಗುಳ. ಅವ್ವನ ಪ್ರಾರ್ಥನೆ ಅರ್ಧ ದೇವರಿಗಾದರೆ ಅರ್ಧ ನಮಗೆ ಎಂಬುದು ನನಗೆ ಹುಟ್ಟಿನಿಂದ ಗೊತ್ತು. ಗೊತ್ತಿರಲಿಲ್ಲ ಎನ್ನುವ ದಾರಿಯೂ ನನಗಿಲ್ಲ.

ಬಾಗೇವಾಡಿಯಲ್ಲಿ ನಾನು ಹೈಸ್ಕೂಲಿನ ಗಣಿತದ ಟೀಚರ್. ಇಲ್ಲಿಗೆ ಬಂದಾಗಿನಿಂದ ದಿನಾ ಬೆಳಿಗ್ಗೆ ಐದೂವರೆಗೆ ಅವ್ವನ ಫೋನು. ಕಿವಿ ಮಂದವಾಗಿದ್ದರಿಂದ ಅವಳ ಕಡೆ ಸ್ಪೀಕರ್. ನನ್ನ ಕಡೆಯೂ ಸ್ಪೀಕರ್, ಆದರೆ ಕಾರಣ ಬೇರೆ — ಫೋನನ್ನು ಕಟ್ಟೆಯ ಮೇಲಿಟ್ಟು ನಾನು ರೊಟ್ಟಿ ಬಡಿಯಬೇಕಿತ್ತು, ಮಕ್ಕಳ ಡಬ್ಬಿ ಕಟ್ಟಬೇಕಿತ್ತು, ಮಿಕ್ಸರಿಗೆ ಚಟ್ನಿ ಹಾಕಬೇಕಿತ್ತು. ಅವ್ವನ ಪ್ರಾರ್ಥನೆಯೋ, ಇಪ್ಪತ್ತು ನಿಮಿಷ! ಸಿಂದಗಿ ಬಸ್ಸಿನ ಡ್ರೈವರಿನಿಂದ ಹಿಡಿದು ಚಾಚಿಯ ಆಡಿನ ತನಕ ಯಾರನ್ನೂ ಬಿಡುವ ಹಾಗಿಲ್ಲ. ಮೊದಮೊದಲು ಕೇಳಿದೆ. ಆಮೇಲೆ ಮ್ಯೂಟ್ ಒತ್ತಲು ಕಲಿತೆ. ಕೊನೆಗೆ "ಯೇಸುವಿನ ನಾಮದಲ್ಲಿ" ಎಂದು ಅವಳ ದನಿ ಇಳಿಯುತ್ತಿದ್ದುದು ಮಾತ್ರ ಎಲ್ಲಿದ್ದರೂ ನನ್ನ ಕಿವಿಗೆ ಬೀಳುತ್ತಿತ್ತು. ಹಿಟ್ಟಿನ ಬೆರಳಲ್ಲೇ ಮ್ಯೂಟ್ ತೆಗೆದು ಆಮೆನ್ ಅನ್ನುತ್ತಿದ್ದೆ. "ಚಲೋ ಆತವ್ವಾ" ಎಂದು ಅವಳು ಫೋನಿಡುತ್ತಿದ್ದಳು. ನಾನು ಜಾಣೆ ಅಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ಸುವಾರ್ತಾ ಎರಡು ಸಲ ತಾನಾಗಿಯೇ ಫೋನು ಮಾಡಿದಳು. "ಅಕ್ಕಾರ, ಯಾವಾಗ ಬರ್ತೀರಿ? ಅತ್ತಿ ನಿಮ್ಮ ಹಾದಿ ನೋಡಾಕತ್ತಾರ." ಎರಡನೆಯ ಸಲ ನಾನು ರೇಗಿದೆ. "ಇಲ್ಲಿ ಹತ್ತನೇ ಕ್ಲಾಸಿನ ಹುಡುಗರ ಪರೀಕ್ಷಾ ತಲಿ ಮ್ಯಾಲ ಐತಿ. ನನಗೇನು ಬ್ಯಾರೆ ಕೆಲಸ ಇಲ್ಲೇನು?" ಎಂದೆ. ಅವಳು "ಇಲ್ರಿ, ಹಂಗಲ್ರಿ —" ಅಂದಳು. ಆ ಮಾತನ್ನು ಮುಗಿಸಲು ನಾನೇ ಬಿಡಲಿಲ್ಲ.

ಪರೀಕ್ಷೆ ಮುಗಿಸಿ ಹೋದಾಗ ಅವ್ವ ಹಾಸಿಗೆ ಹಿಡಿದಿದ್ದಳು. ವಿಜಯಪುರಕ್ಕೆ ಕರೆದುಕೊಂಡು ಹೋದೆವು. ಎದೆಯ ಗಂಟು, ಬಹಳ ತಡವಾಗಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು ಡಾಕ್ಟರು. ಅವ್ವ ನನ್ನ ಮುಖ ನೋಡಿದಳು. ಎರಡು ತಿಂಗಳಿಗೆ ಹೋಗಿಬಿಟ್ಟಳು.

ಮಣ್ಣಾದ ಮೂರನೆಯ ದಿನ ಮನೆಯಲ್ಲಿ ಪ್ರಾರ್ಥನೆ. ಚರ್ಚಿನ ಸಭೆಯವರೆಲ್ಲ ಕೂತಿದ್ದರು. ಶಾಂತವ್ವನಂಥ ವಿಶ್ವಾಸಿ ಇಲ್ಲ ಎಂದು ಒಬ್ಬೊಬ್ಬರೂ ಹೊಗಳುತ್ತಿದ್ದರೆ ನನಗೆ ಎಲ್ಲಿಲ್ಲದ ಸಿಟ್ಟು — ಅವ್ವನ ಮೇಲೆ, ಅವಳ ಮೌನದ ಮೇಲೆ, ಯಾರ ಮೇಲೋ... ಚಹಾ ತಂದ ಸುವಾರ್ತಾಳನ್ನು ಎಲ್ಲರ ಮುಂದೆ ನಿಲ್ಲಿಸಿ ಕೇಳಿದೆ: "ಒಂದ ಮನ್ಯಾಗ ಇದ್ದು, ಒಂದ ಒಲಿ ಅಡಗಿ ಉಂಡು, ನಿನಗ ಗೊತ್ತಾಗಲಿಲ್ಲೇನು? ಕಣ್ಣು ಕುರುಡಾಗಿದ್ದುವೇನು?" ಅವಳು ತಟ್ಟೆ ಹಿಡಿದುಕೊಂಡೇ ನಿಂತಳು. ನನ್ನ ತಮ್ಮ ಅವಳನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ.

ಎರಡು ದಿನ ಬಿಟ್ಟು ನಾನು ಬಾಗೇವಾಡಿಗೆ ಹೊರಟು ಚೀಲ ಹಿಡಿದು ಹೊಸ್ತಿಲು ದಾಟಿದಾಗ ಮಹಬೂಬಿ ಚಾಚಿ ತನ್ನ ಬಾಗಿಲಿಗೆ ಕರೆದಳು.

"ಎಸ್ತಾ, ಆ ಹುಡುಗೀಗಿ ಯಾಕ ಹಂಗ ಅಂದಿ? ನಿನ್ನವ್ವ ನಿನಗ ಹೇಳಿದ್ದಳಲ್ಲ."

"ನನಗ? ಯಾವಾಗ?"

"ದೀಪಾವಳಿ ಮುಂದ, ಫೋನಿನ್ಯಾಗ. ನಾ ಹಾಲು ಕೊಡಾಕ ಬಂದು ನಿಂತಿದ್ನಿ. ಎಡಗಡಿ ಎದಿಯಾಗ ಗಂಟು ಐತಿ ಕರ್ತನೇ, ಅವರಿಕಾಳಿನಷ್ಟು ಇದ್ದದ್ದು ಲಿಂಬಿಕಾಯಿಯಷ್ಟು ಆಗೇತಿ, ಮಗನ ಮುಂದ ಹೇಳಾಕ ನಾಚಿಕಿ, ಎಸ್ತಾನ್ನ ಕಳಸು ಅಂದ್ಲು. ನೀ ಆಮೆನ್ ಅಂದಿ. ನಿನ್ನ ದನಿ ನಾ ಕೇಳೇನಿ."

ನಾನು ಚೀಲ ಕೆಳಗಿಟ್ಟೆ. ಚಾಚಿ ನಿಲ್ಲಿಸಲಿಲ್ಲ.

"ಸುವಾರ್ತಾನೂ ಒಳಗಿಂದ ಕೇಳಿ ಅವತ್ತ ದವಾಖಾನಿಗಿ ಕರಕೊಂಡು ಹೊಂಟಿದ್ಲು. ಶಾಂತವ್ವ ತಾನ ಬ್ಯಾಡಂದ್ಲು. ಎಸ್ತಾ ಆಮೆನ್ ಅಂದಾಳ, ಬರ್ತಾಳ, ಆಕಿ ಕೂಡ ಹೋಗ್ತೇನಿ, ಮತ್ತ ಮತ್ತ ಹೇಳಿ ಆಕಿನ್ನ ಕಾಡಬ್ಯಾಡ ಅಂತ. ಮಗಗ ಹೇಳಂಗಿಲ್ಲ ಅಂತ ಬೈಬಲ್ ಮ್ಯಾಲ ಕೈ ಇಡಿಸಿಕೊಂಡಿದ್ಲು. ಪಾಪ, ಆ ಹುಡುಗಿ ಏನ ಮಾಡಬೇಕಿತ್ತು?"

ಅಂದರೆ ಆರು ತಿಂಗಳು ಆ ಮನೆಯಲ್ಲಿ ಇಬ್ಬರು ಹೆಂಗಸರು ನನ್ನ ಒಂದು ಆಮೆನ್ ನಂಬಿ ಬಾಗಿಲು ನೋಡುತ್ತ ಕೂತಿದ್ದರು. ದಿನಕ್ಕೊಂದರಂತೆ ನಾನು ಎಸೆಯುತ್ತಿದ್ದ ಆಮೆನ್! ಅವ್ವಾ, ನೇರವಾಗಿ ಹೇಳಲು ಏನಾಗಿತ್ತು ನಿನಗೆ? "ಎಸ್ತಾ, ನನಗೆ ಹೀಗಾಗಿದೆ, ಬಾ" — ಐದು ಮಾತೂ ಬೇಕಿರಲಿಲ್ಲವಲ್ಲ... ನೋಡಿ, ಮತ್ತೆ ಅವಳ ಮೇಲೆಯೇ ಹಾಕುತ್ತಿದ್ದೇನೆ. ಈ ಬಾಯಿಗೆ ಏನು ಮಾಡಲಿ.

ಅವತ್ತೇ ಒಳಗೆ ಹೋಗಿ ಹೇಳಬಹುದಿತ್ತು. ತಮ್ಮ ಮನೆಯಲ್ಲೇ ಇದ್ದ. ನಾನು ಚಾಚಿಗೆ "ಬಸ್ಸು ತಪ್ಪತೈತಿ" ಎಂದು ಹೇಳಿ ಹೊರಟುಬಿಟ್ಟೆ. ಮೂರು ವರ್ಷ. ಹಬ್ಬಕ್ಕೆ ಹೋದೆ, ಬಂದೆ. ಸುವಾರ್ತಾ ಮಾಡಿದ ರೊಟ್ಟಿ ತಿಂದೆ. ಸಭೆಯ ಹೆಂಗಸರು ಅವಳ ಜೊತೆ ಒಂದು ಬೆಂಚಿನಲ್ಲಿ ಕೂರುವುದಿಲ್ಲ ಎಂಬುದನ್ನು ಕಣ್ಣಾರೆ ಕಂಡೆ. ನಾನೇ ಹೇಳಲಿ ಎಂದು ಅಷ್ಟು ದಿನ ಕಾದಿದ್ದ ಚಾಚಿ ಹೋದ ತಿಂಗಳು ಫೋನಿನಲ್ಲಿ ಹೇಳಿದಳು: ಜಗಳ ಬಂದಾಗಲೆಲ್ಲ ತಮ್ಮ ಅವಳಿಗೆ "ನಮ್ಮವ್ವನ್ನ ತಿಂದಾಕಿ" ಅನ್ನುತ್ತಾನಂತೆ. ಅವರ ಮಗಳೂ ಆ ಮಾತನ್ನು ಕಲಿತಿದ್ದಾಳಂತೆ.

ಮೊನ್ನೆ ಬೆಳಿಗ್ಗೆ ಐದೂವರೆಗೆ ನಾನೇ ಸುವಾರ್ತಾಳಿಗೆ ಫೋನು ಮಾಡಿದೆ. ನೇರವಾಗಿ ಹೇಳಲು ನಾಲಿಗೆ ಏಳಲಿಲ್ಲ — ಥೂ, ನಾನೂ ಅವ್ವನ ಮಗಳೇ. "ಸುವಾರ್ತಾ, ಪ್ರಾರ್ಥನಾ ಮಾಡ್ತೇನಿ" ಎಂದು ಕಣ್ಣು ಮುಚ್ಚಿ ಎಲ್ಲವನ್ನೂ ದೇವರಿಗೆ ಹೇಳಿದೆ. ಮ್ಯೂಟ್, ಮಿಕ್ಸರ್, ಚಾಚಿಯ ಮಾತು, ನನ್ನ ಬಸ್ಸು, ಎಲ್ಲ. ಮುಗಿಸಿ ಅವಳ ಆಮೆನ್‌ಗೆ ಕಾದೆ.

"ಮುಗೀತೇನ್ರಿ ಅಕ್ಕಾರ?" ಅಂದಳು ಕೊನೆಗೆ.

"ಹೂಂ."

"ನೀವು ನನಗ ಅಂದದ್ದು ಪ್ರಾರ್ಥನಿಯೊಳಗ ಅಲ್ರಿ. ಮಂದಿ ಮುಂದ. ಇದನ್ನೂ ಅಲ್ಲೇ ಹೇಳ್ರಿ. ಅವಾಗ ನೋಡೂಣು, ಆಮೆನ್ ಅನ್ನೂದು ಬಿಡೂದು."

ಫೋನು ಇಟ್ಟಳು. ಮೊದಲು ಸಿಟ್ಟು ಬಂತು — ಇಷ್ಟು ಬೇಡಿಕೊಂಡರೂ ಇವಳಿಗೆ... ಮರುಕ್ಷಣ ಆ ಸಿಟ್ಟಿಗೇ ನಾಚಿಕೆಯಾಯಿತು. ಅವಳು ಕೇಳಿದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ.

ನಾಳೆ ಭಾನುವಾರ. ಅವ್ವ ತೀರಿಕೊಂಡ ದಿನದ ನೆನಪಿಗೆ ಸಿಂದಗಿಯಲ್ಲಿ ಆರಾಧನೆ ಇದೆ. ಕೊನೆಗೆ ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ಯಾರಾದರೂ ಎದ್ದು ದೇವರು ತಮಗೆ ಮಾಡಿದ ಉಪಕಾರ ಹೇಳುತ್ತಾರೆ. ನಾನು ಏಳುತ್ತೇನೆ. ಕಣ್ಣು ಮುಚ್ಚುವುದಿಲ್ಲ, ಕೈ ಜೋಡಿಸುವುದಿಲ್ಲ, ಕರ್ತನೇ ಎಂದು ಶುರು ಮಾಡುವುದೂ ಇಲ್ಲ. ತಮ್ಮ ಕೂತಿರುವ ಕಡೆ ನೋಡಿ, ಸುವಾರ್ತಾಳ ಹೆಸರು ಹಿಡಿದು, ಮೂರು ವರ್ಷ ಗಂಟಲಲ್ಲಿ ಇಟ್ಟುಕೊಂಡ ಮಾತನ್ನು ಹೇಳುತ್ತೇನೆ: "ಅವ್ವ ನನಗ ಹೇಳಿದ್ದಳು."